ಮೂರು ಬೆರಳಿನ ಸುಣ್ಣ

ನಮ್ಮೂರಲ್ಲಿ ಕಣ್ಣಿ ಬಿಚ್ಚುವವರ ಗುಂಪಿಗೆ ಸೇರಿದ ಮೊದಲ ಹೆಂಗಸು ನಾನು. ಇದನ್ನು ಹೇಳಿದರೆ ಈಗಿನವರು ಹೊಗಳುತ್ತಾರೆ. ಆ ಕಾಲದಲ್ಲೇ ಎಂಥ ಧೈರ್ಯ, ಮೂಕಪ್ರಾಣಿಗಳ ಮೇಲೆ ಎಂಥ ಕರುಣೆ ಎನ್ನುತ್ತಾರೆ. ಕರುಣೆಯೂ ಇಲ್ಲ, ಮಣ್ಣೂ ಇಲ್ಲ. ನನ್ನ ಭಾವನ ಎತ್ತುಗಳು ಒಂದು ದಿನ ನನ್ನ ಕೈಗೆ ಸಿಗಲಿ ಎಂದು ಸೇರಿದೆ.

ಭಾವ ಎಂದರೆ ನನ್ನ ಗಂಡನ ಅಣ್ಣ. ಎದುರಿಗೆ ಅವನಿಗೆ ಬಹುವಚನ, ಮನಸ್ಸಿನಲ್ಲಿ ಏಕವಚನ. ಇಲ್ಲಿ ಮನಸ್ಸಿನಲ್ಲಿದ್ದುದನ್ನೇ ಬರೆಯುತ್ತೇನೆ.

ಮಮದಾಪುರ ದಾಟಿ ಗುಡ್ಡದ ಬುಡಕ್ಕೆ ಬಂದರೆ ನಮ್ಮ ಊರು. ಗುಡ್ಡದ ಮೇಲೆಲ್ಲ ಎದೆಮಟ್ಟದ ಹುಲ್ಲು. ಹೋಳಿ ಹುಣ್ಣಿಮೆ ಕಳೆದರೆ ಅದು ಮುಟ್ಟಿದರೆ ಮುರಿಯುವಷ್ಟು ಒಣಗಿರುತ್ತಿತ್ತು. ಮುಂದಿನ ಮಳೆಗೆ ಎಳೆ ಹುಲ್ಲು ಬರಲಿ ಎಂದು ದನಗಾರರು ಯಾರೋ ಒಂದು ಮೂಲೆಗೆ ಬೆಂಕಿ ಇಡುತ್ತಿದ್ದರು. ಗಾಳಿ ತಿರುಗಿದರೆ ಆ ಬೆಂಕಿ ಊರ ಕಡೆ ಇಳಿಯುತ್ತಿತ್ತು. ದನದ ಕೊಟ್ಟಿಗೆಗಳೆಲ್ಲ ಊರಿನ ಮೇಲ್ಮಗ್ಗುಲಿಗೆ, ಗುಡ್ಡಕ್ಕೆ ಮುಖ ಮಾಡಿ ಮೂರು ಸಾಲಾಗಿ ಇದ್ದವು. ಮೇಲೆ ಹೊದಿಸಿದ್ದು ಕಬ್ಬಿನ ರವದಿ. ಆ ಒಣಗಿದ ಕಬ್ಬಿನ ಸೋಗೆಗೆ ಒಂದು ಕಿಡಿ ಬಿದ್ದರೆ ಮುಗಿಯಿತು. ಹೊಗೆ ಕಂಡ ಕೂಡಲೇ ಜನ ಮಕ್ಕಳು ಮರಿ, ಕಾಳಿನ ಚೀಲ, ಹಾಸಿಗೆ ಹೊತ್ತುಕೊಂಡು ಕೆಳಗಿನ ಹಳ್ಳದ ಮರಳಿಗೆ ಓಡುತ್ತಿದ್ದರು. ಅವರು ಇಳಿಯುವಾಗ ಏಳೆಂಟು ಜನ ಮಾತ್ರ ಮೇಲಕ್ಕೆ ಓಡಬೇಕಿತ್ತು. ಅವರೇ ಕಣ್ಣಿ ಬಿಚ್ಚುವವರು. ಯಾರದೇ ದನವಿರಲಿ, ಕಟ್ಟಿದ ಕಣ್ಣಿ ಹಗ್ಗ ಬಿಚ್ಚಿ ಹಳ್ಳಕ್ಕೆ ಅಟ್ಟುವುದು ಅವರ ಕೆಲಸ. ಕೂಲಿ ಇಲ್ಲ, ಕೇಳುವಂತೆಯೂ ಇಲ್ಲ.

ಗುಂಪಿನ ಹಿರಿಯ, ಕುರಿ ಕಾಯ್ದು ಮುದುಕನಾದವನು, ಊರಿಗೆಲ್ಲ ಕಾಕಾ. ಅವನ ಕಟ್ಟಳೆಗಳು ಮೂರೇ. ಹೋಳಿಯಿಂದ ಮೊದಲ ಮಳೆಯವರೆಗೆ ಯಾರೂ ದನವನ್ನು ಬಿಗಿಗಂಟಿನಲ್ಲಿ ಕಟ್ಟಬಾರದು. ತುದಿ ಜಗ್ಗಿದರೆ ಬಿಚ್ಚಿಕೊಳ್ಳುವ ಜಾರುಗಂಟು ಹಾಕಬೇಕು. ಕರುವನ್ನು ಮೊದಲು ಹೊರಗೆ ತರಬೇಕು, ತಾಯಿ ತಾನಾಗಿ ಬರುತ್ತದೆ. ಮೂರನೆಯದೇ ಮುಖ್ಯದ್ದು. ದನಕ್ಕೆ ಬೆಂಕಿ ಕಂಡರೆ ಬುದ್ಧಿ ಕೆಡುತ್ತದೆ, ಬಿಚ್ಚಿದ ದನ ತಿರುಗಿ ತನ್ನ ಕೊಟ್ಟಿಗೆಗೇ ನುಗ್ಗುತ್ತದೆ. ಅದಕ್ಕೇ ದನ ಹೊರಬಿದ್ದ ಕೂಡಲೇ ಬಾಗಿಲು ಹಾಕಿ ಅಗಳಿ ಜಡಿಯಬೇಕು. ಬಾಗಿಲು ಹಾಕಿದ ಮೇಲೆ ಒಳಗೆ ದನ ಇದೆಯೋ ಇಲ್ಲವೋ ಹೊರಗಿನವನಿಗೆ ಹೇಗೆ ತಿಳಿಯಬೇಕು? ಅದಕ್ಕೊಂದು ಗುರುತು: ಸೊಂಟಕ್ಕೆ ಕಟ್ಟಿದ ಸಣ್ಣ ಗಡಿಗೆಯ ಸುಣ್ಣದಲ್ಲಿ ಮೂರು ಬೆರಳು ಅದ್ದಿ ಬಾಗಿಲ ಮೇಲೆ ಎಳೆಯಬೇಕು. ಸುಣ್ಣ ಕಂಡರೆ ಕೊಟ್ಟಿಗೆ ಖಾಲಿ. ಆಮೇಲೆ ಆ ಬಾಗಿಲಿಗೆ ಯಾರೂ ಕೈ ಹಚ್ಚುವುದಿಲ್ಲ, ದನದ ಮಾಲೀಕನೂ ಹಚ್ಚುವುದಿಲ್ಲ.

ಮುಂಬಯಿ ಸರಕಾರ ಬಿಟ್ಟು ನಾವು ಮೈಸೂರಿಗೆ ಸೇರಿದ ಮರುವರ್ಷದ ಬೇಸಿಗೆ. ನನ್ನ ಗಂಡನಿಗೆ ಗೋಕಾಕದಲ್ಲಿ ಗಿರಣಿ ಕೆಲಸ, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಅಣ್ಣತಮ್ಮಂದಿರು ಬೇರೆಯಾಗಿ ವರ್ಷವಾಗಿತ್ತು. ಬಾವಿಯ ನೀರಿನ ಪಾಳಿಗಾಗಿ ಭಾವ ನಮ್ಮೊಡನೆ ಮಾತು ಬಿಟ್ಟಿದ್ದ. ನನ್ನ ಪಾಲಿಗೆ ಇದ್ದ ಒಂದೇ ಜೀವ, ತವರಿನಿಂದ ಬಂದ ಎಮ್ಮೆ. ಹುಕ್ಕೇರಿ ಸೀಮೆಯ ನಮ್ಮಪ್ಪ ಅದನ್ನು ನಿಡಸೋಸಿಯಿಂದ ನಡೆಸಿಕೊಂಡೇ ತಂದು ನನ್ನ ಬಾಗಿಲಿಗೆ ಕಟ್ಟಿ ಹೋಗಿದ್ದ. ಗಬ್ಬವಾಗಿತ್ತು, ಎಂಟು ತಿಂಗಳು ತುಂಬಿತ್ತು. ತವರಲ್ಲಿ ತಮ್ಮನ ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಎರಡು ದಿನ ಎಮ್ಮೆಗೆ ಮೇವು ನೀರು ನೋಡಲು ನೆಗೆಣ್ಣಿಗೆ, ಅಂದರೆ ಭಾವನ ಹೆಂಡತಿಗೆ, ಗುಟ್ಟಾಗಿ ಹೇಳಿ ಹೋಗಿದ್ದೆ. ಗಂಡಸರು ಮಾತು ಬಿಟ್ಟರೂ ನಾವು ಹೆಂಗಸರು ಬಿಟ್ಟಿರಲಿಲ್ಲ.

ತಿರುಗಿ ಬಂದಾಗ ನಮ್ಮ ಸಾಲಿನ ಕೊಟ್ಟಿಗೆಗಳು ಬೂದಿಯಾಗಿದ್ದವು. ಊರಿನ ಒಂದು ದನವೂ ಸತ್ತಿರಲಿಲ್ಲ. ನನ್ನ ಎಮ್ಮೆ ಒಂದು ಬಿಟ್ಟು.

ಆ ದಿನ ನಮ್ಮ ಸಾಲಿಗೆ ಕಣ್ಣಿ ಬಿಚ್ಚಲು ಬಂದವನು ಭಾವನೇ. ಅವನೂ ಆಗ ಗುಂಪಿನಲ್ಲಿದ್ದ. ತನ್ನವನ್ನು ಬಿಡಿಸಿದ, ಆಚೆ ಮನೆಯವರದನ್ನು ಬಿಡಿಸಿದ. ನನ್ನ ಕೊಟ್ಟಿಗೆಯ ಬಾಗಿಲನ್ನು ತೆರೆಯದೆ, ಮೂರು ಬೆರಳು ಸುಣ್ಣ ಎಳೆದು ಮುಂದೆ ಹೋದ. ಕಾಕಾ ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರ ಇದು: "ತವರಿಗೆ ಹೋಗ್ಯಾಳಲ್ಲ, ಎಮ್ಮೀನೂ ಹೊಡ್ಕೊಂಡ ಹೋಗ್ಯಾಳ ಅಂತ ತಿಳ್ಕೊಂಡ್ನಿ."

ತೊಟ್ಟಿಲ ಕಾರ್ಯಕ್ಕೆ ಗಬ್ಬದ ಎಮ್ಮೆಯನ್ನು ಹೊಡೆದುಕೊಂಡು ಹೋಗುವ ಹೆಂಗಸು ಯಾವ ಸೀಮೆಯಲ್ಲಿದ್ದಾಳೆ? ಆದರೆ ಊರು ಆ ಮಾತನ್ನು ನುಂಗಿತು. ತಪ್ಪು ಎಲ್ಲರಿಂದಲೂ ಆಗುತ್ತದೆ ಎಂದರು. ಮೂರು ದಿನದ ಮೇಲೆ ಹಳ್ಳದಲ್ಲಿ ಬಟ್ಟೆ ಒಗೆಯುವಾಗ ನೆಗೆಣ್ಣಿ ನನ್ನ ಮುಖ ನೋಡದೆ ಹೇಳಿದಳು: "ಅದು ಒದರಾಕತ್ತಿತ್ತವ್ವಾ. ಹಳ್ಳದ ತನಕಾ ಕೇಳ್ತಿತ್ತು. ನಾ ಹೇಳೇನಿ ಅಂತ ಯಾರ ಮುಂದೂ ಅನಬ್ಯಾಡ, ನನ್ನ ಚರ್ಮ ಸುಲಿತಾರ." ನಾನು ಯಾರ ಮುಂದೆಯೂ ಅನ್ನಲಿಲ್ಲ. ಒಗೆಯುತ್ತಿದ್ದ ಸೀರೆಯನ್ನು ಕಲ್ಲಿಗೆ ಎಷ್ಟು ಬಡಿದೆನೆಂದರೆ ಅದು ಎರಡು ಕಡೆ ಹರಿಯಿತು.

ಭಾವ ವಯಸ್ಸಾಯಿತು ಎಂದು ಗುಂಪು ಬಿಟ್ಟ. ಅವನ ಜಾಗ ನನಗೆ ಕೊಡಿ ಎಂದು ನಾನು ಕಾಕಾನ ಕುರಿ ಹಟ್ಟಿಗೆ ಹೋಗಿ ಕೇಳಿದೆ. ಮುದುಕ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. "ಸೀರಿ ಉಟ್ಕೊಂಡ ಬೆಂಕ್ಯಾಗ ಹೆಂಗ ಓಡ್ತೀಯವ್ವಾ?" ಎಂದ. ಕಚ್ಚೆ ಹಾಕಿ ಉಡುತ್ತೇನೆ ಎಂದೆ. ಹಟ್ಟಿಯಲ್ಲಿದ್ದ ಗೂಳಿಯ ಹಗ್ಗ ಕೊಟ್ಟು ಎಳೆದು ತೋರಿಸು ಎಂದ. ಎಳೆದೆ. ಅಂಗೈ ಚರ್ಮ ಸುಲಿಯಿತು, ಹಗ್ಗ ಬಿಡಲಿಲ್ಲ. ಅವನಿಗೆ ಅದು ಹಿಡಿಸಿತು. ನನ್ನ ಹೊಟ್ಟೆಯೊಳಗೆ ಏನಿದೆ ಎಂದು ಮಾತ್ರ ಅವನು ಕೇಳಲಿಲ್ಲ.

ಎರಡು ಬೇಸಿಗೆ ನಾನು ನಿಯತ್ತಿನಿಂದ ಓಡಿದೆ. ಕೆಲಸ ನನಗೆ ಕೂಡಿ ಬಂತು, ಸುಳ್ಳು ಏಕೆ ಹೇಳಲಿ. ಒದ್ದೆ ಗೋಣಿತಟ್ಟನ್ನು ಎಮ್ಮೆಯ ಕಣ್ಣಿಗೆ ಹೊದಿಸಿ ಕಿವಿ ಹಿಡಿದು ನಡೆಸುವುದು, ಹಟ ಹಿಡಿದು ಮಲಗಿದ ದನದ ಬಾಲ ತಿರುಚಿ ಎಬ್ಬಿಸುವುದು, ಎರಡು ಮೇಕೆಮರಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡುವುದು, ಎಲ್ಲ ಕಲಿತೆ. ಒಮ್ಮೆ ಯಾರದೋ ನಾಯಿ ಮರಿಗಳನ್ನು ಬಿಟ್ಟು ಬರಲೊಲ್ಲೆ ಎಂದು ನನ್ನ ಮುಂಗೈ ಕಚ್ಚಿತು. ಅದನ್ನೂ ಮರಿಗಳನ್ನೂ ಒಂದೇ ಬುಟ್ಟಿಗೆ ತುಂಬಿ ತಂದೆ. ಜನ ಹೊಗಳಿದರು. ನಾನು ಪ್ರತಿ ಸಲವೂ ನಮ್ಮ ಸಾಲಿನ ಮೂರನೆಯ ಬಾಗಿಲನ್ನೇ ನೋಡುತ್ತಿದ್ದೆ. ಅದು ಭಾವನದು. ಸಾಗವಾನಿ ಹಲಗೆಯ ಬಾಗಿಲು, ಒಳಗೆ ಹಾಲಿನಂಥ ಬಿಳಿಯ ಖಿಲಾರಿ ಎತ್ತಿನ ಜೋಡಿ. ಮೂಡಲಗಿ ಸಂತೆಯಲ್ಲಿ ಆ ಜೋಡಿಯನ್ನು ನೋಡಲೆಂದೇ ಜನ ನಿಲ್ಲುತ್ತಾರೆ ಎಂದು ಕೊಚ್ಚಿಕೊಳ್ಳುತ್ತಿದ್ದ. ಆ ಎತ್ತುಗಳಿಗೆ ಬೆಲ್ಲ ತಿನ್ನಿಸುವಾಗ ಅವನ ಮುಖ ನೋಡಬೇಕು, ಹೆತ್ತ ಮಕ್ಕಳಿಗೂ ಅಂಥ ಮುಖ ತೋರಿಸಿದವನಲ್ಲ. ನೋಡಿ ನೋಡಿ ನನ್ನ ಹೊಟ್ಟೆ ಉರಿಯುತ್ತಿತ್ತು.

ಮೂರನೆಯ ಬೇಸಿಗೆಯಲ್ಲಿ ನನ್ನ ದಿನ ಬಂತು. ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದೆ. ಗುಡ್ಡದ ಮೇಲಿಂದ ಕಾಕಾನ ಕೂಗು ಕೇಳಿತು. ಹೊರಗೆ ಬಂದರೆ ಬಡಗಣ ಗುಡ್ಡವೇ ಹೊಗೆ. ಹಿಟ್ಟಿನ ಕೈಯಲ್ಲೇ ಕಚ್ಚೆ ಬಿಗಿದು, ಗಡಿಗೆ ಕಟ್ಟಿಕೊಂಡು ಓಡಿದೆ. ನಮ್ಮ ಸಾಲು ನನಗೆ. ಉಳಿದವರು ಮೇಲಿನ ಎರಡು ಸಾಲಿಗೆ ಹೋದರು. ಭಾವ ಆ ದಿನ ಬಿತ್ತನೆಯ ಕಾಳು ತರಲು ಮೂಡಲಗಿಗೆ ಹೋಗಿದ್ದ. ನೆಗೆಣ್ಣಿ ಮಕ್ಕಳನ್ನು ಎಳೆದುಕೊಂಡು ಹಳ್ಳಕ್ಕೆ ಇಳಿಯುವಾಗ ನನ್ನ ರಟ್ಟೆ ಹಿಡಿದು, "ನಮ್ಮನೂ ಬಿಡಿಸವ್ವಾ" ಎಂದಳು. ನಾನು ರಟ್ಟೆ ಬಿಡಿಸಿಕೊಂಡು ಮೇಲಕ್ಕೆ ಓಡಿದೆ.

ಮೊದಲ ಎರಡು ಕೊಟ್ಟಿಗೆ ಬಿಡಿಸಿದೆ. ಮೂರನೆಯದರ ಮುಂದೆ ನಿಂತೆ. ಒಳಗೆ ಖಿಲಾರಿ ಜೋಡಿ, ಒಂದು ಆಕಳು, ಅದರ ಹದಿನೈದು ದಿನದ ಕರು. ಅಗಳಿಗೆ ಕೈ ಹಚ್ಚಲಿಲ್ಲ. ಗಡಿಗೆಗೆ ಮೂರು ಬೆರಳು ಅದ್ದಿ, ಸಾಗವಾನಿ ಹಲಗೆಯ ಮೇಲೆ ಸಾವಕಾಶವಾಗಿ ಎಳೆದೆ. ಮೂರು ವರ್ಷದಲ್ಲಿ ಅಷ್ಟು ಹಗುರಾದದ್ದು ನನಗೆ ನೆನಪಿಲ್ಲ. ಮುಂದಿನ ಕೊಟ್ಟಿಗೆಗೆ ಹೋಗಿ ಅಲ್ಲಿದ್ದ ಎರಡು ಮೇಕೆಗಳನ್ನು ಬಿಡಿಸಿದೆ.

ಹೊರಗೆ ಬರುವಷ್ಟರಲ್ಲಿ ಭಾವ ಓಣಿಯ ತುದಿಯಿಂದ ಓಡಿ ಬರುತ್ತಿದ್ದ. ಹೊಗೆಯನ್ನು ದೂರದಿಂದಲೇ ಕಂಡಿರಬೇಕು. ತಲೆಗೆ ಸುತ್ತಿದ್ದ ಪಟಗ ಬಿಚ್ಚಿ ಹೆಗಲ ಮೇಲೆ ಬಿದ್ದಿತ್ತು, ಬಾಯಿ ಒಣಗಿತ್ತು. ತನ್ನ ಬಾಗಿಲ ಮುಂದೆ ಬಂದವನೇ ಸುಣ್ಣ ನೋಡಿ ಗಕ್ಕನೆ ನಿಂತ. ಆಮೇಲೆ ನನ್ನನ್ನು ನೋಡಿದ. ಮಾತು ಬಿಟ್ಟ ಮೇಲೆ ನನ್ನೊಡನೆ ಆಡಿದ ಮೊದಲ ಮಾತು.

"ಬಿಡಿಸೀಯೇನವ್ವಾ?"

"ಸುಣ್ಣ ಕಾಣಸ್ತೈತೆಲ್ಲರಿ" ಎಂದೆ.

ಅವನು ಎರಡೂ ಕೈ ಜೋಡಿಸಿದ. "ನಿನ್ನ ಹೊಟ್ಟಿ ತಣ್ಣಗಿರ್ಲಿ ನಮ್ಮವ್ವಾ" ಎಂದು ಹೇಳಿ, ಎತ್ತುಗಳನ್ನು ಹುಡುಕಲು ಹಳ್ಳದ ಕಡೆ ಓಡಿದ. ನನ್ನ ಕೈಯ ಗುರುತನ್ನು ನಂಬಿ, ಬದುಕಿದ್ದ ಎತ್ತುಗಳಿಗೆ ಬೆನ್ನು ಮಾಡಿ ಓಡಿದ. ಅವನ ಬೆನ್ನು ನೋಡುತ್ತ ನಾನು ನಕ್ಕೆ. ಹೌದು, ನಕ್ಕೆ. ಈ ಕೈಯಿಂದ ಇದನ್ನೂ ಬರೆಯಬೇಕು.

ಬೆಂಕಿ ಮೇಲಿನ ಸಾಲಿಗೆ ಬಂದಿತ್ತು. ಕಿಡಿಗಳು ನಮ್ಮ ಸಾಲಿನ ರವದಿಯ ಮೇಲೆ ಬೀಳತೊಡಗಿದ್ದವು. ನಾನು ಹೋಗಬೇಕು. ಎರಡು ಹೆಜ್ಜೆ ಇಟ್ಟು ಮತ್ತೆ ತಿರುಗಿದೆ, ಒಮ್ಮೆ ಕಣ್ತುಂಬ ನೋಡಿ ಹೋಗೋಣ ಎಂದು. ಬಾಗಿಲ ಹಲಗೆಗಳ ನಡುವೆ ಎರಡು ಬೆರಳಿನ ಸಂದು ಇತ್ತು. ಆ ಸಂದಿನಿಂದ ಒಂದು ನಾಲಿಗೆ ಹೊರಗೆ ಬಂತು. ಕರು. ಅದು ನಾನು ಎಳೆದ ಹಸಿ ಸುಣ್ಣವನ್ನು ನೆಕ್ಕುತ್ತಿತ್ತು. ಮೇಲೆ ಮಾಡು ಹೊತ್ತುತ್ತಿದೆ, ಆ ಮುಟ್ಟಾಳ ಕರುವಿಗೆ ಸುಣ್ಣದ ರುಚಿ.

ಸುಡುಗಾಡಿನದು, ನಿನ್ನ ಮನೆ ಹಾಳಾಗ ಎಂದು ನಾನು ಬೈದೆ. ಗಟ್ಟಿಯಾಗಿ ಬೈದೆ. ಕರುವಿಗೆ ಬೈದೆ, ಅದರ ಮಾಲೀಕನಿಗೆ ಬೈದೆ, ನನಗೂ ಬೈದುಕೊಂಡೆ. ಬೈಯುತ್ತಲೇ ಅಗಳಿ ಕಿತ್ತೆ. ಒಳಗೆ ಹೊಗೆ. ಕರುವನ್ನು ಕಾಲು ಹಿಡಿದು ಹೊರಗೆ ಎಸೆದೆ, ಆಕಳು ಹಿಂದೆಯೇ ಬಂತು. ಎತ್ತುಗಳು ಒದರಲೂ ಇಲ್ಲ, ಗೋಡೆಗೆ ಒತ್ತಿಕೊಂಡು ನಡುಗುತ್ತ ನಿಂತಿದ್ದವು. ಗಂಟು ಜಗ್ಗಿ ಎರಡನ್ನೂ ಎಳೆದೆ. ಒಂದು ಹೊರಗೆ ಬಂದು ಮತ್ತೆ ಒಳಗೆ ನುಗ್ಗಿತು. ಅದರ ಹಿಂದೆ ನಾನೂ ನುಗ್ಗಿದೆ. ಉರಿಯುವ ರವದಿ ಅದರ ಬೆನ್ನ ಮೇಲೆ ಬಿತ್ತು, ನನ್ನ ಹೆಗಲ ಮೇಲೂ ಬಿತ್ತು. ಹೆಗಲಿನ ಆ ಕಲೆ ಇನ್ನೂ ಇದೆ.

ನಾಲ್ಕೂ ದನಗಳನ್ನು ಹೊಡೆದುಕೊಂಡು ಹಳ್ಳಕ್ಕೆ ಇಳಿದಾಗ ಭಾವ ಮರಳಿನಲ್ಲಿ ದನಗಳ ನಡುವೆ ತಲೆ ಕೆಟ್ಟವನಂತೆ ತಿರುಗುತ್ತಿದ್ದ. ತನ್ನ ಎತ್ತುಗಳು ತನಗಿಂತ ಹಿಂದೆ, ಬೆನ್ನು ಸುಟ್ಟುಕೊಂಡು ಬರುವುದನ್ನು ನೋಡಿದ. ಅವನಿಗೆ ಆಗಲೇ ತಿಳಿದಿರಬೇಕು. ಆದರೂ ಎತ್ತುಗಳನ್ನು ಹಿಡಿದು ನೀರಿನ ಕಡೆ ನಡೆಸಿದ.

ಮರುದಿನ ಬೆಳಿಗ್ಗೆ ಬೇವಿನ ಮರದ ಕೆಳಗೆ ಊರು ಕೂಡಿತು. ಪ್ರತಿ ಬೆಂಕಿಯ ಮರುದಿನ ಹಾಗೆ ಕೂಡುವುದು ಪದ್ಧತಿ. ದನ ಉಳಿಸಿಕೊಂಡವರು ಬಿಡಿಸಿದವರಿಗೆ ಮರ್ಯಾದೆ ಮಾಡುತ್ತಿದ್ದರು. ನೆಗೆಣ್ಣಿ ನನ್ನ ಉಡಿ ತುಂಬಲು ತೆಂಗಿನಕಾಯಿ, ಖಣ ತಂದಿದ್ದಳು. ಭಾವ ಪಟಗ ತೆಗೆದು ಎಲ್ಲರ ಮುಂದೆ ಹೇಳಿದ: "ಹಿಂದಿಂದೆಲ್ಲಾ ಮರ್ತು ನಮ್ಮ ತಂಗಿ ನನ್ನ ಎತ್ತ ಉಳಿಸ್ಯಾಳ್ರಿ. ಇದು ದೊಡ್ಡ ಮನಸು."

ಮರೆತು ಎಂದನಲ್ಲ, ಅದಕ್ಕೆ ನನ್ನ ತಲೆ ಕೆಟ್ಟಿತು. ಹಿರಿಯ ಭಾವನ ಎದುರು ಮಾತಾಡುವುದಿರಲಿ, ಸೆರಗು ಸರಿಸುವುದೂ ನಮ್ಮಲ್ಲಿ ಇಲ್ಲ. ನಾನು ಸೆರಗು ಸರಿಸಿ ನಿಂತೆ.

"ನಾ ಏನೂ ಮರ್ತಿಲ್ಲರಿ ಭಾವಾರ. ಮೊದಲ ಸುಣ್ಣ ಹಚ್ಚೇನಿ, ಆಮ್ಯಾಲ ಬಾಗಲಾ ತಗದೇನಿ. ನೀವು ಬಂದು ಕೈ ಮುಗದಾಗ ನಿಮ್ಮ ಎತ್ತು ಒಳಗ ಇದ್ದೂ. ಗೊತ್ತಿದ್ದ ಸುಳ್ಳ ಹೇಳೇನಿ. ನನ್ನ ಎಮ್ಮಿ ಬಾಗಲಕ್ಕ ನೀವೂ ಗೊತ್ತಿದ್ದ ಹಚ್ಚೀರಿ. ನಾ ತಿರುಗಿ ಬಂದು ತಗದ್ನಿ, ನೀವು ತಗೀಲಿಲ್ಲ. ನಿಮಗೂ ನನಗೂ ಇಷ್ಟ ಫರಕ."

ಎಮ್ಮೆ ಒದರಿದ್ದು ಯಾರಿಗೂ ಕೇಳಲಿಲ್ಲವೇ ಎಂದು ಊರಿನ ಮುಖ ನೋಡಿದೆ. ಒಬ್ಬೊಬ್ಬರಾಗಿ ಕಣ್ಣು ತಗ್ಗಿಸಿದರು. ಹಳ್ಳದ ತನಕ ಕೇಳಿದ್ದ ದನಿ ನೆಗೆಣ್ಣಿಗೊಬ್ಬಳಿಗೇ ಕೇಳಿರಲು ಸಾಧ್ಯವೇ? ಭಾವ ಪಟಗವನ್ನು ತಿರುಗಿ ಸುತ್ತಿಕೊಳ್ಳಲಿಲ್ಲ, ಕೈಯಲ್ಲಿ ಹಿಡಿದುಕೊಂಡೇ ಎದ್ದು ಹೋದ. ಆಮೇಲೆ ಅವನು ಯಾವ ಕೂಟಕ್ಕೂ ಬರಲಿಲ್ಲ. ಬೇಸಿಗೆ ಬಂದರೆ ಕೊಟ್ಟಿಗೆ ಬಿಟ್ಟು ಕದಲುತ್ತಿರಲಿಲ್ಲ, ಸಂತೆಗೂ ಹೋಗುತ್ತಿರಲಿಲ್ಲ. ಎತ್ತಿನ ಪಕ್ಕ ಗೋಣಿ ಹಾಸಿಕೊಂಡು ಕೂತಿರುವ ಅವನನ್ನು ನೋಡಿದಾಗಲೆಲ್ಲ ನನಗೆ ಊಟ ರುಚಿಸುತ್ತಿತ್ತು. ಇದರಲ್ಲಿ ನನಗೆ ನಾಚಿಕೆ ಇಲ್ಲ.

ಆದರೆ ಆ ಬೆಳಿಗ್ಗೆ ಭಾವ ಹೋದ ಮೇಲೆ ಕಾಕಾ ನನ್ನ ಹತ್ತಿರ ಬಂದಿದ್ದ. "ಗಡಿಗಿ ಕೊಡವ್ವಾ" ಎಂದ.

"ಖರೆ ಹೇಳಿದ್ದಕ್ಕ ತಗೀತೀ ಏನು ಕಾಕಾ?"

"ಖರೆ ಹೇಳಿದ್ದು ಚಲೋ ಮಾಡೀದಿ. ಆದ್ರ ನಾಳಿಗೆ ನೀ ಸುಣ್ಣ ಹಚ್ಚಿದ ಬಾಗಲಾ ಯಾರ ನಂಬತಾರ?"

ಗಡಿಗೆ ಬಿಚ್ಚಿ ಕೊಟ್ಟೆ. ಮುದುಕನ ಮೇಲೆಯೂ ಸಿಟ್ಟು ಬಂತು. ಭಾವ ಸುಳ್ಳು ಹೇಳಿದಾಗ ಸುಣ್ಣದ ಮಾನ ಉಳಿದಿತ್ತು. ನಾನು ನಿಜ ಹೇಳಿದೆ, ಅದು ಹೋಯಿತು. ಇದು ಎಲ್ಲಿಯ ನ್ಯಾಯ ಎಂದು ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ನನ್ನ ಸುಣ್ಣ ಒಂದನ್ನೇ ಅಲ್ಲ, ಯಾರ ಸುಣ್ಣವನ್ನೂ ಇನ್ನು ಊರು ನಂಬುವುದಿಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಮುಂದಿನ ಬೇಸಿಗೆಯ ಬೆಂಕಿಗೆ ನಾನು ಎಲ್ಲರಂತೆ ಹಳ್ಳದ ಮರಳಿನಲ್ಲಿ ನಿಂತಿದ್ದೆ. ಕಣ್ಣಿ ಬಿಚ್ಚುವವರು ಮೇಲೆ ಓಡಾಡುವುದು ಅಲ್ಲಿಂದ ಕಾಣುತ್ತಿತ್ತು. ಜನ ಕೆಳಗಿನಿಂದ ಕೂಗುತ್ತಿದ್ದರು: "ನಮ್ಮ ಬಾಗಲಾ ಮತ್ತೊಮ್ಮೆ ತಗದ ನೋಡ್ರೋ! ಒಳಗ ಐತೇನ ನೋಡ್ರೋ!" ಅವರು ಸುಣ್ಣ ಹಚ್ಚಿದ ಬಾಗಿಲನ್ನೂ ತೆರೆದು ನೋಡಿದರು. ತೆರೆದ ಬಾಗಿಲಿಗೆ ದನ ತಿರುಗಿ ನುಗ್ಗಿತು, ಮತ್ತೆ ಎಳೆದು ತಂದರು. ಒಂದೊಂದು ಕೊಟ್ಟಿಗೆಗೆ ಎರಡೆರಡು ಸಲ ಹೊತ್ತು ಹೋಯಿತು. ಮೇಲಿನ ಸಾಲಿನ ಕೊನೆಯ ಕೊಟ್ಟಿಗೆಗೆ ಅವರು ಮುಟ್ಟುವಷ್ಟರಲ್ಲಿ ಅದರ ಮಾಡು ಕುಸಿದಿತ್ತು.

ಅದು ಒಬ್ಬ ಒಂಟಿ ಹೆಂಗಸಿನದು. ನನಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವಳು. ಒಂದೇ ಆಕಳು, ಅದರ ಬೆಣ್ಣೆ ಗೋಕಾಕಕ್ಕೆ ಹೊತ್ತು ಮಾರಿ ಬದುಕುತ್ತಿದ್ದಳು. ನನಗೂ ಅವಳಿಗೂ ಜಗಳವಿಲ್ಲ, ಕದನವಿಲ್ಲ. ಹಳ್ಳದಲ್ಲಿ ಭೇಟಿಯಾದರೆ ನಗುತ್ತಿದ್ದಳು.

ಮೂರನೆಯ ದಿನ ಅವಳು ನಮ್ಮ ಮನೆಗೆ ಬಂದಳು. ಬಾ ಎಂದೆ. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೇ ನಿಂತಳು. ಕೈಯಲ್ಲಿ ಸುಟ್ಟ ಕಣ್ಣಿಯ ತುಂಡು ಇತ್ತು. ನಾನು ಆಗ ಒಂದು ಕಡಸು ಸಾಕಿದ್ದೆ. ಏನು ಮಾತಾಡಬೇಕೋ ತಿಳಿಯದೆ ಅದನ್ನು ತೋರಿಸಿ, "ಇದನ್ನ ಹೊಡ್ಕೊಂಡ ಹೋಗ ತಂಗಿ" ಎಂದೆ. ಅವಳು ಕಡಸಿನ ಕಡೆ ನೋಡಲೂ ಇಲ್ಲ. ಅಳಲಿಲ್ಲ, ಬೈಯಲಿಲ್ಲ, ದನಿ ಏರಿಸಲಿಲ್ಲ.

"ಅಕ್ಕಾ, ನಿನ್ನ ಸೇಡ ತೀರ್ತು. ನಾ ಯಾರ ಮ್ಯಾಲ ತೀರಿಸ್ಕೋಬೇಕು, ಅಷ್ಟ ಹೇಳ" ಎಂದಳು.

ಹೇಳುವುದಕ್ಕೆ ಒಂದೇ ಮಾತಿತ್ತು: ನನ್ನ ಮೇಲೆ. ಇಡೀ ಊರಿನ ಮುಂದೆ ಸೆರಗು ಸರಿಸಿ ನಿಂತ ನನಗೆ ಅವಳೊಬ್ಬಳ ಮುಂದೆ ಆ ಮಾತು ಬಾಯಿಗೆ ಬರಲಿಲ್ಲ. ಅವಳು ಬಹಳ ಹೊತ್ತು ಕಾದು ಹೋದಳು.